ಭೋಂಗಾವನ್ನು ಸೈರನ್ ಮಾಡಬೇಡಿ

ಡೊಂಬಿವಲಿಯ ಲೇಖಕಿಗೆ,

ನಮಸ್ಕಾರ. ‘ಹಾಡುಗಳು: ಸಮಾಜದ ಕನ್ನಡಿ’ ಎಂಬ ನಿಮ್ಮ ಲೇಖನ ಬಂದು ಮೂರು ವಾರ ಆಯಿತು. ಹನ್ನೊಂದು ಪುಟ. ಜೊತೆಗೆ ನಿಮ್ಮ ಅಜ್ಜಿ ಹಾಡಿದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದಿರಿ. ಲೇಖನವನ್ನು ಎರಡು ಸಲ ಓದಿದೆ. ಹಾಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ರಾತ್ರಿ ಲೋಕಲ್‌ನಲ್ಲಿ ಮನೆಗೆ ಹೋಗುವಾಗೆಲ್ಲ ಅದನ್ನೇ ಹಾಕಿಕೊಂಡು ಕೂರುತ್ತಿದ್ದೆ.

ನೇರವಾಗಿ ಹೇಳಿಬಿಡುತ್ತೇನೆ. ಲೇಖನವನ್ನು ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಬಿಟ್ಟುಕೊಡಲೂ ನನಗೆ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಹಾಕಿ. ಅಲ್ಲಿ ‘ಹಾಡು ಜನಜೀವನದ ಪ್ರತಿಬಿಂಬ’ ಎಂಬ ಒಂದೇ ಮಾತನ್ನು ಐದು ಥರ ಹೇಳಿದ್ದೀರಿ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಎಲ್ಲರೂ ಒಪ್ಪುವ ಮಾತಿಗೆ ಅಷ್ಟು ಜಾಗ ಬೇಡ.

ನಾಲ್ಕನೇ ಪುಟದಲ್ಲಿ ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ’ ತ್ರಿಪದಿ ಬರುತ್ತದೆ. ಭೂಮಿತಾಯಿಯನ್ನು ಅದರಲ್ಲಿ ‘ಎಳ್ಳು ಜೀರಿಗೆ ಬೆಳೆಯೋಳ’ ಎಂದು ಕರೆದಿದೆಯಲ್ಲ. ಅದನ್ನು ಹಿಡಿದು ‘ನಮ್ಮ ಹಿರಿಯರು ಹೊಲದಲ್ಲಿ ಎಳ್ಳು, ಜೀರಿಗೆ ಬೆಳೆಯುತ್ತಿದ್ದರೆಂದು ಇದರಿಂದ ಸಿದ್ಧವಾಗುತ್ತದೆ’ ಎಂದು ಬರೆದಿದ್ದೀರಿ. ಎಳ್ಳಿನ ಮಾತು ಸರಿ. ಜೀರಿಗೆ? ಈಗ ನಮ್ಮ ದೇಶದ ಜೀರಿಗೆ ಹೆಚ್ಚಾಗಿ ಬರುವುದು ಗುಜರಾತ್, ರಾಜಸ್ಥಾನದಿಂದ. ವಿಜಯಪುರದ ಹೊಲದಲ್ಲಿ ನೀವು ಜೀರಿಗೆ ನೋಡಿದ್ದೀರಾ? ಅಜ್ಜಿ ನೋಡಿದ್ದಾರಾ? ಒಮ್ಮೆ ಕೇಳಿನೋಡಿ. ಜೀರಿಗೆ ಆ ಸಾಲಿನೊಳಗೆ ಬರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಎಳ್ಳಿನ ಹಾಗೆ ಅದೂ ಸಣ್ಣ ಕಾಳು, ಎಳ್ಳು ಹಬ್ಬಕ್ಕೆ, ಜೀರಿಗೆ ಮದುವೆಗೆ ಬೇಕಾದದ್ದು, ಜೋಡಿಯಾಗಿ ಬಾಯಿಗೆ ಹಿತ. ಹಾಡು ಸಾಕ್ಷಿ ಹೇಳುತ್ತದೆ, ಒಪ್ಪಿದೆ. ಯಾವುದಕ್ಕೆ ಸಾಕ್ಷಿ ಅನ್ನುವುದನ್ನು ಬರೆಯುವವರು ಹುಡುಕಬೇಕು. ಆ ಸಾಲಿನಿಂದ ಹೊಲದ ಬೆಳೆ ತಿಳಿಯದಿದ್ದರೂ ಹಾಡಿದವಳ ಮನಸ್ಸಿನಲ್ಲಿ ಯಾವ ಕಾಳು ಶುಭದ್ದು ಅನ್ನುವುದಂತೂ ತಿಳಿಯುತ್ತದೆ.

ಐದು, ಆರನೇ ಪುಟ ಪೂರ್ತಿ 1956ರ ‘ಸಿ.ಐ.ಡಿ.’ ಎಂಬ ಹಿಂದಿ ಚಿತ್ರದ ‘ಏ ದಿಲ್ ಹೈ ಮುಶ್ಕಿಲ್ ಜೀನಾ ಯಹಾಂ’ ಹಾಡು. ಮಜ್ರೂಹ್ ಸುಲ್ತಾನ್‌ಪುರಿ ಬರೆದದ್ದು. ಈ ಊರಿನಲ್ಲಿ ಅದನ್ನು ಗುನುಗದವರು ಯಾರಿದ್ದಾರೆ? ಅನುವಾದ ಸಮೇತ ಇಡೀ ಹಾಡು ಕೊಡುವುದು ಬೇಡ. ಆದರೆ ಅದರಲ್ಲಿ ಒಂದು ಸಾಲು ನಿಮಗೆ ಬೇಕಾಗುತ್ತದೆ: ಒಂದು ಕಡೆ ಬಿಲ್ಡಿಂಗು, ಒಂದು ಕಡೆ ಟ್ರಾಮು, ಒಂದು ಕಡೆ ಮೋಟಾರು, ಒಂದು ಕಡೆ ಮಿಲ್ಲು. ಯಾಕೆ ಅಂದರೆ ಏಳನೇ ಪುಟದಲ್ಲಿ ನೀವೊಂದು ಕಡೆ ಎಡವಿದ್ದೀರಿ. ಅಜ್ಜಿ 1972ರ ಬರಗಾಲದಲ್ಲಿ ಇಂಡಿ ತಾಲೂಕಿನಿಂದ ಅಜ್ಜನ ಜೊತೆ ಮುಂಬಯಿಗೆ ಬಂದರು, ಬೋರಿಬಂದರ್ ಸ್ಟೇಷನ್ನಿನಲ್ಲಿ ಇಳಿದು ಟ್ರಾಮ್ ಹತ್ತಿ ಪರೇಲಿಗೆ ಹೋದರು ಅಂತ ಇದೆ. ಮುಂಬಯಿಯ ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಓಡಿದ್ದು 1964ರ ಮಾರ್ಚ್ 31ಕ್ಕೆ. ಅಜ್ಜಿ ಬರುವ ಹೊತ್ತಿಗೆ ಅದು ನಿಂತು ಎಂಟು ವರ್ಷ ಆಗಿತ್ತು.

ಅಜ್ಜಿ ಸುಳ್ಳು ಹೇಳಿದರು ಅನ್ನುತ್ತಿಲ್ಲ. ಟ್ರಾಮ್ ನೀವೇ ಸೇರಿಸಿದ್ದೋ ಅಥವಾ ಅಜ್ಜಿಯೇ ಹೇಳಿದ್ದೋ, ಅದನ್ನು ಮೊದಲು ನೋಡಿ. ಅವರೇ ಹೇಳಿದ್ದಾದರೆ ಆ ಮಾತನ್ನು ಅಳಿಸಬೇಡಿ. ರೇಡಿಯೋದಲ್ಲಿ ಸಾವಿರ ಸಲ ಕೇಳಿದ ಹಾಡಿನ ಟ್ರಾಮು ಅವರ ನೆನಪಿನ ದಾರಿಗೆ ಬಂದು ಸೇರಿಕೊಂಡಿರಬಹುದು. ರಸ್ತೆಯಿಂದ ಹಳಿ ಕಿತ್ತರೂ ಹಾಡಿನಲ್ಲಿ ಟ್ರಾಮು ಓಡುತ್ತಲೇ ಇರುತ್ತದೆ, ಅಲ್ವಾ? ದಿನಾಂಕ ಕೊಟ್ಟು, ಅಜ್ಜಿಯ ಮಾತನ್ನೂ ಇಟ್ಟು ಬರೆಯಿರಿ. ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನಂತೂ ಕಾಣೆ.

ಈಗ ಅಜ್ಜಿಯ ಪದಕ್ಕೆ ಬರೋಣ. ಹನ್ನೊಂದು ಪುಟದಲ್ಲಿ ಅದಕ್ಕೆ ಸಿಕ್ಕಿದ್ದು ಆರು ಸಾಲು. ನೀವು ಲೇಖನದಲ್ಲಿ ಕೊಟ್ಟದ್ದು ಹೀಗಿದೆ: ‘ಕೋಳಿ ಕೂಗುವ ಮೊದಲು ಸೈರನ್ ಕೂಗಿತು, ಜೋಳದ ರೊಟ್ಟಿ ಬಡಿದಿಲ್ಲ, ನನ್ನ ರಾಯ ಕೆಲಸಕ್ಕೆ ಹೊರಟ ಹಸಿದುಕೊಂಡು.’ ರೆಕಾರ್ಡಿಂಗ್‌ನಲ್ಲಿ ಅಜ್ಜಿ ಹಾಡುವುದು ಬೇರೆ. ನಾನು ಕೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ:

ಕೋಳಿ ಕೂಗುವ ಮೊದಲ ಭೋಂಗಾವು ಕೂಗೀತ
ಜೋಳದ ರೊಟ್ಟಿ ಬಡದಿಲ್ಲ, ನನರಾಯ
ಪಾಳಿಗೆ ಹೊಂಟಾನ ಹಸಕೊಂಡ

ಕೋಳಿ, ಜೋಳ, ಪಾಳಿ. ಮೂರು ಸಾಲಿನಲ್ಲೂ ಎರಡನೇ ಅಕ್ಷರ ಳಕಾರ. ಹಳ್ಳಿಯ ಹೆಂಗಸರು ಬೀಸುವಾಗ ಹಿಡಿಯುತ್ತಿದ್ದ ಪ್ರಾಸ ಇದೇ. ನೀವು ‘ಪಾಳಿ’ಯನ್ನು ‘ಕೆಲಸ’ ಮಾಡಿದಿರಿ, ಪ್ರಾಸ ಮುರಿಯಿತು. ಗಿರಣಿಯ ಕೂಗಿಗೆ ಅಜ್ಜಿ ಹೇಳುವ ‘ಭೋಂಗಾ’ವನ್ನು ‘ಸೈರನ್’ ಮಾಡಿದಿರಿ, ಇತಿಹಾಸವೇ ಹೋಯಿತು.

ಓದುಗರಿಗೆ ತಿಳಿಯಲಿ ಎಂದು ಹಾಗೆ ಮಾಡಿದ್ದೀರಿ, ಗೊತ್ತು. ಆದರೆ ಗಿರಣಗಾವಿನ, ಅಂದರೆ ಪರೇಲಿನ ಸುತ್ತಲ ಬಟ್ಟೆ ಗಿರಣಿಗಳ ಪ್ರದೇಶದ, ಚಾಳುಗಳಲ್ಲಿ ಸೈರನ್ ಅನ್ನುವವರು ಇರಲಿಲ್ಲ. ಮರಾಠಿ, ಕನ್ನಡ, ತೆಲುಗು, ಕೊಂಕಣಿ ಎಲ್ಲ ಮನೆಗಳಿಗೂ ಅದು ಭೋಂಗಾನೇ. ವಿಜಯಪುರದ ಒಬ್ಬ ಹೆಣ್ಣುಮಗಳು ಊರಿನಿಂದ ತಂದ ತ್ರಿಪದಿಯೊಳಗೆ ಈ ಊರಿನ ಮರಾಠಿ ಮಾತನ್ನು ಕೂರಿಸಿದ್ದಾರೆ. ಊರಿನಲ್ಲಿ ಕೋಳಿ ಹೇಳುತ್ತಿದ್ದ ಹೊತ್ತನ್ನು ಇಲ್ಲಿ ಗಿರಣಿ ಹೇಳುತ್ತಿದೆ. ‘ಪಾಳಿ’ ಅವರಿಗೆ ಮೊದಲೇ ಗೊತ್ತಿದ್ದ ಮಾತು. ಊರಿನಲ್ಲಿ ಬಾವಿಯ ನೀರಿಗೆ ಪಾಳಿ ಇರುತ್ತದೆ. ಇಲ್ಲಿ ಅದೇ ಮಾತಿಗೆ ಶಿಫ್ಟ್ ಎಂಬ ಅರ್ಥ ಬಂತು. ಇದೆಲ್ಲ ಮೂರೇ ಸಾಲಿನಲ್ಲಿದೆ. ಸಿನಿಮಾ ಹಾಡಿನಲ್ಲಿ ಮಿಲ್ಲು ರಸ್ತೆಯಿಂದ ಕಾಣುತ್ತದೆ. ಅಜ್ಜಿಯ ಪದದಲ್ಲಿ ಅದು ಒಲೆಯ ಮುಂದೆಯೇ ಬಂದು ಕೂಗುತ್ತದೆ.

ಇನ್ನು ಕೆಲವು ವಿಷಯ ನೀವು ಅಜ್ಜಿಯನ್ನು ಕೇಳಬೇಕು. ಅಜ್ಜ ಗಿರಣಿಯಲ್ಲಿ ಕಾಯಂ ಆಗಿದ್ದರಾ, ಬದಲಿಯಾ? ಬದಲಿಯವರು ದಿನಾ ಗೇಟಿನ ಮುಂದೆ ನಿಲ್ಲಬೇಕಿತ್ತು. ಕಾಯಂನವರು ಯಾರಾದರೂ ಬರದಿದ್ದರೆ ಮಾತ್ರ ಅವರಿಗೆ ಕೆಲಸ. ಇಲ್ಲದಿದ್ದರೆ ಮನೆಗೆ ವಾಪಸ್ಸು, ಕೂಲಿಯೂ ಇಲ್ಲ. ಅಜ್ಜ ಬದಲಿಯಾಗಿದ್ದರೆ ರೊಟ್ಟಿಗೆ ಕಾಯದೆ ಹೊರಟದ್ದಕ್ಕೆ ಬೇರೆಯೇ ಅರ್ಥ ಬರುತ್ತದೆ. ರೊಟ್ಟಿಗೆ ಕಾದರೆ ಆ ದಿನದ ಕೆಲಸವೇ ಕೈತಪ್ಪಬಹುದಿತ್ತು.

ಆಮೇಲೆ ಬೀಸುವ ಕಲ್ಲು. ‘ಅಜ್ಜಿ ಪರೇಲಿನ ಖೋಲಿಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದರು’ ಎಂದಿದ್ದೀರಿ. ಇದು ಕಿವಿಯಾರೆ ಕೇಳಿದ್ದೋ ಅಥವಾ ಚೆನ್ನಾಗಿ ಕಾಣುತ್ತದೆ ಎಂದು ಇಟ್ಟದ್ದೋ? ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಖೋಲಿಯಲ್ಲಿ ಏಳು ಜನ ಇದ್ದರು ಎಂದು ಮೇಲೆಯೇ ಹೇಳಿದ್ದೀರಿ. ಅಲ್ಲಿ ಕಲ್ಲು ಎಲ್ಲಿಟ್ಟಿದ್ದರು? ಕೆಳಗಡೆ ಬೀದಿಯಲ್ಲಿ ಹಿಟ್ಟಿನ ಗಿರಣಿ ಇರಲಿಲ್ವಾ? ಇದ್ದಿದ್ದರೆ ಅಜ್ಜಿ ಹಾಡುತ್ತಿದ್ದದ್ದು ಯಾವ ಕೆಲಸ ಮಾಡುತ್ತಾ? ಹಿಟ್ಟಿನ ಗಿರಣಿ, ಬಟ್ಟೆಯ ಗಿರಣಿ ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರು. ಮೊದಲನೆಯದು ಹೆಂಗಸರ ಕೈಯಿಂದ ಕಲ್ಲನ್ನೂ, ಕಲ್ಲಿನ ಜೊತೆ ಹಾಡನ್ನೂ ತೆಗೆದುಕೊಂಡಿತು. ಎರಡನೆಯದು ನಿಮ್ಮ ಅಜ್ಜಿಯ ಹಾಡಿನೊಳಗೇ ಬಂತು. ಕಲ್ಲು ಇಲ್ಲದ ಮನೆಯಲ್ಲಿ ಬೀಸುವ ಪದ ಹೇಗೆ ಉಳಿಯಿತು ಎಂದು ಓದಲು ನನಗೆ ತುಂಬ ಆಸೆ.

ಮತ್ತೊಂದು ಅನುಮಾನವೂ ಇದೆ. ಈ ಪದ ಹುಟ್ಟಿದ್ದು ಮುಂಬಯಿಯಲ್ಲೇನಾ? ಸೊಲ್ಲಾಪುರದಲ್ಲೂ ಬಟ್ಟೆ ಗಿರಣಿಗಳಿದ್ದವು, ಇಂಡಿಯ ಕಡೆಯವರಿಗೆ ಅದು ಹತ್ತಿರದ ಪೇಟೆ. ಅಜ್ಜಿಯ ಸೋದರತ್ತೆ ಸೊಲ್ಲಾಪುರದಲ್ಲಿದ್ದರು ಎಂದು ನೀವೇ ಬರೆದಿದ್ದೀರಿ. ಅವರಿಂದ ಕಲಿತು ಇಲ್ಲಿಗೆ ತಂದಿರಬಹುದು. ಹಾಗಾದರೂ ಬೆಲೆ ಕಡಿಮೆಯಾಗುವುದಿಲ್ಲ. ಸುಮ್ನೆ ಊಹೆ ಮಾಡಿ ಬರೆಯಬೇಡಿ, ಅಷ್ಟೇ.

ಮುಷ್ಕರಕ್ಕೆ ನೀವು ಕೊಟ್ಟದ್ದು ಒಂದೇ ವಾಕ್ಯ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಎಷ್ಟೋ ಮನೆಗಳು ಆಮೇಲೆ ಏಳಲೇ ಇಲ್ಲ. ಭೋಂಗಾ ಕೂಗದ ಬೆಳಗ್ಗೆ ಅಜ್ಜಿ ಈ ಪದ ಹಾಡಿದರಾ? ಅಥವಾ ಬಿಟ್ಟರಾ? ಅಂಕಿ ಅಂಶ ನನಗೂ ಗೊತ್ತು, ಪುಸ್ತಕದಲ್ಲಿ ಸಿಗುತ್ತದೆ. ಈ ಪ್ರಶ್ನೆಗೆ ಉತ್ತರ ನಿಮ್ಮ ಮನೆಯಲ್ಲಿ ಮಾತ್ರ ಇದೆ.

ಪುಣೆಯಲ್ಲಿ ಹೇಮಾ ರಾಯಿರಕರ್ ಮತ್ತು ಗೀ ಪ್ವಾತ್ವಾಂ ಅವರು ಮಾಡಿದ ಕೆಲಸ ನಿಮಗೆ ಗೊತ್ತಿರಬೇಕು. ಮಹಾರಾಷ್ಟ್ರದ ಹಳ್ಳಿಗಳಿಗೆ ಹೋಗಿ, ಹೆಂಗಸರು ಬೀಸುವಾಗ ಹಾಡುವ ಓವಿಗಳನ್ನು ಒಂದು ಲಕ್ಷಕ್ಕೂ ಜಾಸ್ತಿ ಕೂಡಿಹಾಕಿದರು. ಸಂಖ್ಯೆಗಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಹಾಡಿದವಳ ಹೆಸರು, ಊರು ಪದದ ಜೊತೆಗೇ ಇದೆ. ಅಂಬೇಡ್ಕರರ ಮೇಲೆ ಕಟ್ಟಿದ ಓವಿಗಳೂ ಅದರಲ್ಲಿವೆ. ಕಲ್ಲಿನ ಮುಂದೆ ಕೂತವರು ಬರೀ ತವರು, ಅತ್ತೆ ಮನೆ ಹಾಡಲಿಲ್ಲ. ನಮ್ಮ ಕಡೆ ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗದವರು ಇಂಥದೇ ಕೆಲಸಕ್ಕೆ ಎಷ್ಟೋ ಮೊದಲು ಕೈಹಾಕಿ ‘ಗರತಿಯ ಹಾಡು’ ಸಂಕಲನ ತಂದರು. ಅದು ನಿಮ್ಮ ಅಜ್ಜಿಯ ಸೀಮೆಯದೇ. ಅವರ ಕಾಲದಲ್ಲಿ ಮನೆಮನೆಯಲ್ಲಿ ಕಲ್ಲಿತ್ತು. ಕಲ್ಲು ಬಿಟ್ಟು ವಲಸೆ ಹೋದವರ ಪದಗಳನ್ನು ನಾವು ಬರೆದಿಟ್ಟದ್ದು ಕಡಿಮೆ. ಆದ್ದರಿಂದ ಲೇಖನದಲ್ಲಿ ‘ನನ್ನ ಅಜ್ಜಿ’ ಎಂದಷ್ಟೇ ಬೇಡ. ಅವರು ಒಪ್ಪಿದರೆ ಹೆಸರು ಹಾಕಿ.

ಇಷ್ಟು ಒತ್ತಾಯ ಮಾಡುವುದಕ್ಕೆ ಕಾರಣ ಇದೆ. ನನ್ನ ಅಮ್ಮ ಬಂಟ್ವಾಳದ ಕಡೆಯವರು. ಮದುವೆಯಾಗಿ ಘಾಟ್ಕೋಪರಿಗೆ ಬರುವ ತನಕ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟವರು. ನೆಡುವಾಗ ತುಳುವಿನ ‘ಓ ಬೇಲೆ’ ಹಾಡುತ್ತಿದ್ದರಂತೆ. ಒಬ್ಬರು ಹೇಳುವುದು, ಉಳಿದವರು ‘ಓ ಬೇಲೆ’ ಎಂದು ಸೊಲ್ಲು ಸೇರಿಸುವುದು. ಒಂದು ದಿನ ಟೇಪ್ ರೆಕಾರ್ಡರ್ ಮುಂದಿಟ್ಟು, ಹಾಡಮ್ಮಾ ಎಂದೆ. ಕುರ್ಚಿಯಲ್ಲಿ ಕೂತು ಎರಡು ಸಾಲು ಹೇಳಿದರು, ಮುಂದೆ ಬರಲಿಲ್ಲ. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲೇ ನಿಂತಿತು. ಆಮೇಲೆ ಅವರಾಗಿಯೇ ಎದ್ದು ಸೆರಗು ಸಿಕ್ಕಿಸಿಕೊಂಡರು. ಸೊಂಟ ಬಗ್ಗಿಸಿ, ಬಲಗೈ ಬೆರಳು ನೆಲಕ್ಕೆ ಊರಿ ಊರಿ ಹಿಂದೆ ಹಿಂದೆ ಸರಿದರು. ಪದ ಬಂತು. ಅಡುಗೆಮನೆಯ ಬಾಗಿಲ ತನಕ ಬಂತು.

ಕ್ಯಾಸೆಟ್ ಈಗಲೂ ಇದೆ. ಆದರೆ ಅದು ಯಾರ ಗದ್ದೆ, ಮುಂದೆ ನಿಂತು ಹೇಳಿಕೊಡುತ್ತಿದ್ದವರು ಯಾರು, ಕೂಲಿ ಎಷ್ಟು, ಮಳೆ ತಪ್ಪಿದ ವರ್ಷ ಏನು ಹಾಡುತ್ತಿದ್ದರು, ಒಂದನ್ನೂ ನಾನು ಕೇಳಲಿಲ್ಲ. ಹಾಡು ಸಿಕ್ಕಿತಲ್ಲ, ಸಾಕು ಅಂದುಕೊಂಡೆ. ಈಗ ಕೇಳಲು ಅಮ್ಮ ಇಲ್ಲ.

ನಿಮ್ಮ ಅಜ್ಜಿ ಇದ್ದಾರೆ. ಪದಕ್ಕೆ ಮುಂದಿನ ನುಡಿ ಇತ್ತು, ಮರೆತಿದ್ದಾರೆ ಎಂದು ಕೊನೆಯ ಪುಟದಲ್ಲಿ ಬರೆದಿದ್ದೀರಿ. ಇನ್ನೊಮ್ಮೆ ಕೇಳುವಾಗ ಸೋಫಾದ ಮೇಲೆ ಕೂರಿಸಿ ಕೇಳಬೇಡಿ. ಈಗಲೂ ಮನೆಯಲ್ಲಿ ರೊಟ್ಟಿ ಅವರೇ ಬಡಿಯುವುದಂತಲ್ಲ. ರೆಕಾರ್ಡಿಂಗ್‌ನ ಹಿಂದೆ ಕುಕ್ಕರ್ ಕೂಗುವುದು ಕೇಳಿಸಿತು, ಅಡುಗೆಮನೆ ಪಕ್ಕದಲ್ಲೇ ಇರಬೇಕು. ಹಿಟ್ಟು ನಾದಿ ಮೊದಲ ರೊಟ್ಟಿಗೆ ಕೈ ಹಾಕುವಾಗ ಫೋನ್ ಆನ್ ಮಾಡಿ ಪಕ್ಕದಲ್ಲಿಟ್ಟು ಸುಮ್ನೆ ಕೂತಿರಿ. ಬಂದದ್ದನ್ನು ಬಂದ ಹಾಗೇ ಬರೆದು ಕಳಿಸಿ. ಐದು ಪುಟ ಸಾಕು. ಮುಂದಿನ ಸಂಚಿಕೆಯಲ್ಲಿ ಅಷ್ಟು ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕರು
ಮಾಟುಂಗಾ, ಮುಂಬಯಿ