ಜೀವಾವಧಿ ಕೈದಿಗೆ ಕೊನೆಯ ಹಂತದ ಕ್ಯಾನ್ಸರ್: ಮನೆಗೆ ಕರೆತರಬಹುದೇ?

ಕೊಲೆ ಪ್ರಕರಣದಲ್ಲಿ ಒಂಬತ್ತು ವರ್ಷ ಜೈಲಿನಲ್ಲಿರುವ ಸೋದರಮಾವನನ್ನು ಹಾಸನಕ್ಕೆ ಕರೆತರಬಹುದೇ ಎಂದು ಕೇಳಿದ್ದೀರಿ. ಕರೆತರಬಹುದು, ಆದರೆ ತಡಮಾಡಬೇಡಿ.

ಕೊಲೆಗೆ ಜೀವಾವಧಿ ಶಿಕ್ಷೆಯಾದವರನ್ನು 14 ವರ್ಷ ತುಂಬುವ ಮೊದಲು ಸರ್ಕಾರ ಶಿಕ್ಷೆ ಕಡಿತದ ಮೇಲೆ ಬಿಡುವಂತಿಲ್ಲ. ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗಿರುವ ಕ್ಷಮಾದಾನದ ಅಧಿಕಾರಕ್ಕೆ ಮಾತ್ರ ಈ ಮಿತಿ ಅಡ್ಡಬರುವುದಿಲ್ಲ. 1980ರ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ಹೇಳಿದೆ. ಆದರೆ ಆ ಕಡತ ಸಚಿವ ಸಂಪುಟದ ಸಲಹೆಯೊಂದಿಗೆ ಸಾಗಬೇಕು. ಕಾಯಿಲೆ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ವೈದ್ಯಕೀಯ ವರದಿಯೊಂದಿಗೆ ಜೈಲು ಅಧೀಕ್ಷಕರಿಗೆ ಅರ್ಜಿ ಕೊಡುವಾಗಲೇ ಪೆರೋಲನ್ನೂ, ಅಂದರೆ ತಾತ್ಕಾಲಿಕ ಬಿಡುಗಡೆಯನ್ನೂ, ಕೇಳಿ. ಮೇಲ್ಮನವಿ ಬಾಕಿಯಿದ್ದರೆ ಶಿಕ್ಷೆ ಅಮಾನತಿಗಾಗಿ ಹೈಕೋರ್ಟಿಗೆ ಹೋಗಿ. ಕೈದಿಗೆ ಉಚಿತ ವಕೀಲರು ಹಕ್ಕಿನಿಂದಲೇ ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಸಕಲೇಶಪುರದ ನಮ್ಮ ನೆರೆಮನೆಗೆ ಹೀಗೆಯೇ ಪೆರೋಲ್ ಮೇಲೆ ಒಬ್ಬರು ಬಂದಿದ್ದರು. ಕಾಫಿ ಹರವಿದ್ದ ಕಣದ ಪಕ್ಕ, ಜಗುಲಿಯಲ್ಲಿ ಚಾಪೆ. ತಾಯಿ ಕುಡಿಸಿದ ಗಂಜಿ ಎರಡು ಚಮಚಕ್ಕಿಂತ ಹೆಚ್ಚು ಇಳಿಯಲಿಲ್ಲ. ಕೊಲೆಯಾದವರ ಮನೆಯವರ ನೋವನ್ನು ನಾನು ಮರೆತಿಲ್ಲ, ಅವರ ಮಾತನ್ನೂ ಕೇಳಲೇಬೇಕು. ಆದರೂ ಏಳಲಾಗದ ಮನುಷ್ಯನಿಗೆ ಬೀಗ ಹಾಕಿಡುವುದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ.