ಪ್ರಶ್ನೋತ್ತರ: ಲ್ಯಾಬ್ ಪವರ್ ಸಪ್ಲೈ ಕಟ್ಟುವವರಿಗೆ

ಪ್ರಶ್ನೆ: 24 ವೋಲ್ಟ್, 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಬ್ರಿಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), 4700 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ 0–30 ವೋಲ್ಟಿನ ಸಪ್ಲೈ ಕಟ್ಟಿದ್ದೇನೆ. ಲೋಡ್ ಇಲ್ಲದಾಗ 30 ವೋಲ್ಟ್ ಬರುತ್ತದೆ. 2 ಆಂಪಿಯರ್ ಹತ್ತಿರ ಹೋದರೆ ವೋಲ್ಟೇಜ್ ಕುಸಿದು, ಆಡಿಯೊ ಆಂಪ್ಲಿಫೈಯರ್ ಗುಂಯ್ ಎನ್ನುತ್ತದೆ. ಆಪ್-ಆಂಪ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಆಪ್-ಆಂಪ್ ಮಾಡುವ ಕೆಲಸ ಇಷ್ಟೇ: ಔಟ್‌ಪುಟ್‌ನ ಒಂದು ಪಾಲನ್ನು ರೆಫರೆನ್ಸ್ ವೋಲ್ಟೇಜಿನ ಜೊತೆ ಹೋಲಿಸಿ, ಕಡಿಮೆ ಕಂಡರೆ ಪಾಸ್ ಟ್ರಾನ್ಸಿಸ್ಟರಿನ (ಲೋಡಿನ ಕರೆಂಟೆಲ್ಲ ಹಾದುಹೋಗುವ ಟ್ರಾನ್ಸಿಸ್ಟರ್) ಬೇಸ್‌ಗೆ ಹೆಚ್ಚು ಕರೆಂಟ್ ಕೊಡುವುದು, ಜಾಸ್ತಿ ಕಂಡರೆ ಕಡಿತ ಮಾಡುವುದು. ರೆಫರೆನ್ಸ್ ಟಿಎಲ್431 ಎಂಬ ಐಸಿಯ 2.5 ವೋಲ್ಟ್ ಆಗಿದ್ದು, ಔಟ್‌ಪುಟ್‌ನ ಪಾಲು ತೆಗೆಯುವ ಡಿವೈಡರಿನಲ್ಲಿ 11 ಕಿಲೊಓಮ್ ಮತ್ತು 1 ಕಿಲೊಓಮ್ ಇದ್ದರೆ 12 ಪಟ್ಟು, ಅಂದರೆ 30 ವೋಲ್ಟ್. ಆದರೆ ರೆಗ್ಯುಲೇಟರ್ ಹೆಚ್ಚುವರಿಯನ್ನು ತಡೆಯಬಲ್ಲದು, ಇಲ್ಲದ್ದನ್ನು ಕೊಡಲಾರದು.

ನಿಮ್ಮ ಲೆಕ್ಕ ನೋಡಿ. 24 ವೋಲ್ಟ್ ಎಸಿಯ ಪೀಕ್ (ಅಲೆಯ ತುದಿ) ಸುಮಾರು 34 ವೋಲ್ಟ್. ಬ್ರಿಜ್‌ನ ಎರಡು ಡಯೋಡ್‌ಗಳು 2 ವೋಲ್ಟ್ ತಿಂದರೆ ಉಳಿಯುವುದು 32. 50 ಹರ್ಟ್ಸ್ ಲೈನಿನಲ್ಲಿ ಕೆಪಾಸಿಟರ್ ತುಂಬಿಕೊಳ್ಳುವುದು 10 ಮಿಲಿಸೆಕೆಂಡಿಗೊಮ್ಮೆ. ಅಷ್ಟು ಹೊತ್ತು ಲೋಡನ್ನು ಅದೊಂದೇ ಹೊರಬೇಕು. 3 ಆಂಪಿಯರಿಗೆ 4700 ಮೈಕ್ರೊಫ್ಯಾರಡ್ ಮೇಲೆ 5–6 ವೋಲ್ಟ್ ರಿಪಲ್ (ಏರಿಳಿತ) ಬರುತ್ತದೆ, ತಗ್ಗು 26ಕ್ಕೆ ಇಳಿಯುತ್ತದೆ. ಡಾರ್ಲಿಂಗ್ಟನ್ ಜೋಡಿಗೂ (ಪಾಸ್ ಟ್ರಾನ್ಸಿಸ್ಟರ್ ಮತ್ತು ಅದನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್) ಎಮಿಟರ್ ರೆಸಿಸ್ಟರಿಗೂ ಸೇರಿ 3 ವೋಲ್ಟ್ ಬೇಕು. ಹಾಗಾಗಿ ಪೂರ್ತಿ ಲೋಡಿನಲ್ಲಿ ಶುದ್ಧವಾಗಿ ಸಿಗುವುದು 23 ವೋಲ್ಟಿನ ಆಸುಪಾಸು. ಅದಕ್ಕೂ ಮೇಲೆ ಕೇಳಿದರೆ ತಗ್ಗುಗಳು ನೇರ ಔಟ್‌ಪುಟ್‌ನಲ್ಲಿ ಕಾಣಿಸುತ್ತವೆ. ನಿಮಗೆ ಕೇಳುತ್ತಿರುವ ಗುಂಯ್ ಅದೇ, 100 ಹರ್ಟ್ಸ್.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಕೆಪಾಸಿಟರ್ ಫಿಲ್ಟರ್ ಇದ್ದಾಗ ಸೆಕೆಂಡರಿಯ ಆರ್‌ಎಂಎಸ್ ಕರೆಂಟ್ (ವೈಂಡಿಂಗನ್ನು ಬಿಸಿ ಮಾಡುವ ಲೆಕ್ಕದ ಕರೆಂಟ್) ಡಿಸಿ ಕರೆಂಟಿನ 1.6ರಿಂದ 1.8 ಪಟ್ಟು ಇರುತ್ತದೆ. 3 ಆಂಪಿಯರ್ ಡಿಸಿಗೆ 5 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಬೇಕು. ನನ್ನ ಸಲಹೆ: ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸಲು ಹೋಗಬೇಡಿ. ಫಿಲ್ಟರನ್ನು 10,000 ಮೈಕ್ರೊಫ್ಯಾರಡ್, 63 ವೋಲ್ಟ್ ಮಾಡಿ, ಔಟ್‌ಪುಟನ್ನು 20 ವೋಲ್ಟಿಗೆ ಸೀಮಿತಗೊಳಿಸಿ. ಡಿವೈಡರಿನ 11 ಕಿಲೊಓಮ್ ಜಾಗದಲ್ಲಿ 7 ಕಿಲೊಓಮ್ ಬಂದರೆ ಸಾಕು.

ಪ್ರಶ್ನೆ: ನನ್ನ ಪಾಸ್ ಟ್ರಾನ್ಸಿಸ್ಟರ್ 2ಎನ್3055ರ ರೇಟಿಂಗ್ 115 ವಾಟ್. 5 ವೋಲ್ಟ್, 3 ಆಂಪಿಯರ್ ಅಂದರೆ ಬರೀ 15 ವಾಟ್. ಆದರೂ ಎರಡು ಟ್ರಾನ್ಸಿಸ್ಟರ್ ಸುಟ್ಟವು, ಏಕೆ?

ಉತ್ತರ: 15 ವಾಟ್ ಲೋಡಿನದು. ಟ್ರಾನ್ಸಿಸ್ಟರ್ ಮೇಲೆ ಬೀಳುವುದು ಮಿಕ್ಕ ವೋಲ್ಟೇಜ್. ಕೆಪಾಸಿಟರ್ ಮೇಲೆ ಸರಾಸರಿ 29 ವೋಲ್ಟ್ ಇದ್ದರೆ 24 ಗುಣಿಸು 3, ಅಂದರೆ 72 ವಾಟ್. ಔಟ್‌ಪುಟ್ ಶಾರ್ಟ್ ಆದರೆ 87. ಆ 115 ವಾಟ್ ಎಂಬ ಅಂಕಿ ಕೇಸ್ 25 ಡಿಗ್ರಿಯಲ್ಲಿದ್ದಾಗಿನದು. ಕೇಸ್ 100 ಡಿಗ್ರಿ ಮುಟ್ಟಿದರೆ ಉಳಿಯುವುದು ಸುಮಾರು 65.

ಎರಡು 2ಎನ್3055 ಪ್ಯಾರಲಲ್ ಹಾಕಿ. ಪ್ರತಿಯೊಂದರ ಎಮಿಟರಿಗೆ 0.22 ಓಮ್, 5 ವಾಟ್ ರೆಸಿಸ್ಟರ್ ಇರಲೇಬೇಕು. ಇಲ್ಲವಾದರೆ ಹೆಚ್ಚು ಬಿಸಿಯಾದದ್ದೇ ಹೆಚ್ಚು ಕರೆಂಟ್ ಎಳೆದುಕೊಂಡು ಮೊದಲು ಸಾಯುತ್ತದೆ, ಆಮೇಲೆ ಇನ್ನೊಂದು. ಮೈಕಾ ವಾಷರಿನ ಎರಡೂ ಬದಿಗೆ ತೆಳುವಾಗಿ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ. ಸಿಂಕ್ 0.5 ಡಿಗ್ರಿ ಪ್ರತಿ ವಾಟಿನದಾದರೆ 72 ವಾಟಿಗೆ 36 ಡಿಗ್ರಿ ಏರುತ್ತದೆ, ಅದು ಒಪ್ಪುವಂಥದ್ದು. 3055ರ ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಹರಿಸುತ್ತದೆ ಎಂಬುದು) 20ಕ್ಕೂ ಇಳಿಯಬಹುದು. ಆಗ ಬೇಸಿಗೆ 150 ಮಿಲಿಆಂಪಿಯರ್ ಬೇಕು, ಆಪ್-ಆಂಪಿನಿಂದ ನೇರವಾಗಿ ಅಷ್ಟು ಬರುವುದಿಲ್ಲ. ಅದನ್ನು ಒದಗಿಸುವ ಡ್ರೈವರ್ ಟ್ರಾನ್ಸಿಸ್ಟರ್ ಬಿಡಿ139 ಸಹ 3–4 ವಾಟ್ ಬಿಸಿ ಹೊರುವುದರಿಂದ ಅದನ್ನೂ ಅದೇ ಸಿಂಕಿಗೆ, ಇನ್ಸುಲೇಟ್ ಮಾಡಿ, ಬಿಗಿಯಿರಿ. ಟ್ರಾನ್ಸ್‌ಫಾರ್ಮರಿಗೆ 12 ವೋಲ್ಟಿನ ಟ್ಯಾಪ್ ಇದ್ದರೆ, 6 ವೋಲ್ಟಿಗಿಂತ ಕೆಳಗಿನ ಔಟ್‌ಪುಟ್‌ಗೆ ರಿಲೇ ಮೂಲಕ ಅದನ್ನು ಬಳಸಿ. ಬಿಸಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಪ್ರಶ್ನೆ: ಕರೆಂಟ್ ಲಿಮಿಟನ್ನು 20 ಮಿಲಿಆಂಪಿಯರಿಗೆ, ವೋಲ್ಟೇಜನ್ನು 12ಕ್ಕೆ ಇಟ್ಟು ಎಲ್‌ಇಡಿ ಮುಟ್ಟಿಸಿದೆ. ತಕ್ಷಣ ಸುಟ್ಟಿತು.

ಉತ್ತರ: ಲಿಮಿಟ್ ಆಪ್-ಆಂಪ್ ನೋಡುವುದು ಷಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್) ಮೂಲಕ ಹರಿಯುವ ಕರೆಂಟನ್ನು ಮಾತ್ರ. ಅದರ ಮತ್ತು ವೋಲ್ಟೇಜ್ ಆಪ್-ಆಂಪಿನ ಔಟ್‌ಪುಟ್‌ಗಳು ತಲಾ ಒಂದು ಡಯೋಡ್ ಮೂಲಕ ಡ್ರೈವರಿನ ಬೇಸನ್ನು ಕೆಳಗೆಳೆಯುತ್ತವೆ, ಹೆಚ್ಚು ಕೆಳಗೆಳೆದದ್ದರ ಮಾತು ನಡೆಯುತ್ತದೆ. ಆದರೆ ಷಂಟ್ ದಾಟಿದ ಮೇಲೆ, ಟರ್ಮಿನಲ್ ಮೇಲೆಯೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂತಿದ್ದರೆ ಅದರೊಳಗಿನ ಚಾರ್ಜ್ ಯಾರ ಅಪ್ಪಣೆಯೂ ಇಲ್ಲದೆ ಎಲ್‌ಇಡಿಗೆ ನುಗ್ಗುತ್ತದೆ. ಆ ಕೆಪಾಸಿಟರನ್ನು 10–47 ಮೈಕ್ರೊಫ್ಯಾರಡಿಗೆ ಇಳಿಸಿ. ಪೂರ್ತಿ ಕಿತ್ತುಹಾಕಿದರೆ ಆಪ್-ಆಂಪಿನ ಲೂಪ್ ಆಸಿಲೇಟ್ ಆಗಬಹುದು, ಅಂದರೆ ಔಟ್‌ಪುಟ್ ತಾನಾಗಿಯೇ ತೂಗಾಡಬಹುದು.

ಎರಡನೆಯದಾಗಿ, 0.1 ಓಮ್ ಷಂಟಿನಲ್ಲಿ 20 ಮಿಲಿಆಂಪಿಯರ್ ಅಂದರೆ ಬರೀ 2 ಮಿಲಿವೋಲ್ಟ್. 741 ಆಪ್-ಆಂಪಿನ ಆಫ್‌ಸೆಟ್ಟೇ (ಹೋಲಿಕೆಯಲ್ಲಿ ಅದು ಮಾಡುವ ತಪ್ಪು) 6 ಮಿಲಿವೋಲ್ಟ್ ತನಕ ಇರಬಹುದು, ಹಾಗಾಗಿ ಆ ಸೆಟಿಂಗನ್ನು ನಂಬುವಂತಿಲ್ಲ. ಸಣ್ಣ ಕರೆಂಟಿಗೆ 10 ಓಮ್ ಷಂಟಿನ ಬೇರೆ ರೇಂಜ್ ಮಾಡಿ. ಎಲ್‌ಇಡಿ ಜೋಡಿಸುವಾಗ ವೋಲ್ಟೇಜನ್ನು ಸೊನ್ನೆಗಿಳಿಸಿ, ಆಮೇಲೆ ನಿಧಾನವಾಗಿ ಏರಿಸಿ.

ಪ್ರಶ್ನೆ: ಅದೇ 24 ವೋಲ್ಟ್ ಟ್ರಾನ್ಸ್‌ಫಾರ್ಮರ್, ಲೋಡೇ ಇಲ್ಲದಿದ್ದರೂ ಟಿಎಲ್081 ಆಪ್-ಆಂಪ್ ಸಾಯುತ್ತಿದೆ.

ಉತ್ತರ: ಲೋಡ್ ಇಲ್ಲದಿರುವುದೇ ಕಾರಣ. ಲೋಡ್ ಇಲ್ಲದಾಗ ಸೆಕೆಂಡರಿ 10 ಶೇಕಡಾ ಏರಿರುತ್ತದೆ. ಮೇನ್ಸ್ ಇನ್ನೊಂದು 10 ಶೇಕಡಾ ಏರಿದರೆ ಕೆಪಾಸಿಟರ್ ಮೇಲೆ 40 ವೋಲ್ಟ್ ಬಂದುಬಿಡುತ್ತದೆ. ಟಿಎಲ್081 ತಡೆಯುವುದು ಎರಡು ಸಪ್ಲೈ ಪಿನ್‌ಗಳ ನಡುವೆ ಒಟ್ಟು 36 ವೋಲ್ಟ್. ಔಟ್‌ಪುಟ್ 20 ವೋಲ್ಟಿಗೆ ಸೀಮಿತವಾಗಿದ್ದರೆ 27 ವೋಲ್ಟ್ ಜೀನರ್ (ವೋಲ್ಟೇಜನ್ನು ಸ್ಥಿರವಾಗಿಡುವ ಡಯೋಡ್) ಮತ್ತು ಒಂದು ಸಣ್ಣ ಟ್ರಾನ್ಸಿಸ್ಟರಿನಿಂದ ಅದಕ್ಕೆ ಪ್ರತ್ಯೇಕ ಸಪ್ಲೈ ಕೊಡಿ. ಋಣ ಬದಿಗೆ 5 ವೋಲ್ಟ್ ಬೇಕು, ಇಲ್ಲದಿದ್ದರೆ ಔಟ್‌ಪುಟ್ ಸೊನ್ನೆ ಮುಟ್ಟುವುದಿಲ್ಲ. ಹಾಗೆಯೇ ರೆಫರೆನ್ಸನ್ನು ಹೆಚ್ಚು ಕಡಿಮೆ ಮಾಡುವ ವೋಲ್ಟೇಜ್ ಪಾಟ್‌ನ (ತಿರುಗಿಸುವ ರೆಸಿಸ್ಟರ್) ನಡುವಿನ ಕಾಲಿನಿಂದ ಗ್ರೌಂಡಿಗೆ 470 ಕಿಲೊಓಮ್ ಹಾಕಿ. ಪಾಟ್ ಸವೆದು ಸಂಪರ್ಕ ತಪ್ಪಿದ ಕ್ಷಣ ಔಟ್‌ಪುಟ್ ಸೊನ್ನೆಗೆ ಇಳಿಯಬೇಕೇ ಹೊರತು ಮೇಲಕ್ಕೆ ಹಾರಬಾರದು.