ಬಲ್ಬು, ಸಿಗ್ನಲ್ಲು, ಕೂಲಿಂಗ್ ಲಾರಿ: ಯಾರು ಏನು ಮಾಡಿದರು?

ಪ್ರಶ್ನೆ: ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ‘ಮರೆತುಹೋದ ಕಪ್ಪು ಸಂಶೋಧಕರು’ ಎಂಬ ವಿಷಯ ಆರಿಸಿಕೊಂಡಿದ್ದೇವೆ. ಬಲ್ಬ್ ಕಂಡುಹಿಡಿದದ್ದು ಎಡಿಸನ್ ಅಲ್ಲ, ಲೂಯಿಸ್ ಲ್ಯಾಟಿಮರ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ? ಮಕ್ಕಳು ಮಾಡಿ ತೋರಿಸುವಂಥ ಪ್ರಯೋಗ ತಿಳಿಸಿ.
– ಪ್ರೌಢಶಾಲಾ ಶಿಕ್ಷಕಿ, ಶಿರಾ

ಉತ್ತರ: ಆ ಸಂದೇಶವನ್ನು ಚಾರ್ಟ್ ಮೇಲೆ ಬರೆಸಬೇಡಿ, ಮೇಡಂ. ಎಡಿಸನ್‌ಗಿಂತ ಮೊದಲೂ ಬಲ್ಬ್ ಮಾಡಿದವರಿದ್ದರು. ಲ್ಯಾಟಿಮರ್ ಬಿಡಿಸಿದ್ದು ಬೇರೆ ತೊಡಕು, ಅದನ್ನೇ ಸರಿಯಾಗಿ ಹೇಳಿದರೆ ಅವರ ಕೆಲಸದ ಬೆಲೆ ಮಕ್ಕಳಿಗೆ ಗೊತ್ತಾಗುತ್ತದೆ. ಆಗಿನ ಫಿಲಮೆಂಟ್ (ಬಲ್ಬಿನೊಳಗೆ ಹೊಳೆಯುವ ಎಳೆ) ಎಂದರೆ ಕಾಗದವನ್ನೋ ನಾರನ್ನೋ ಗಾಳಿಯಾಡದಂತೆ ಸುಟ್ಟು ಮಾಡಿದ ಇದ್ದಿಲಿನ ಎಳೆ. ಸುಡುವಾಗ ಅದು ಕುಗ್ಗಿ, ಸೊಟ್ಟಗಾಗಿ, ಮುರಿಯುತ್ತಿತ್ತು. ಲ್ಯಾಟಿಮರ್ ಎಳೆಯನ್ನು ರಟ್ಟಿನ ಲಕೋಟೆಯೊಳಗಿಟ್ಟು ಸುಡುವ ವಿಧಾನ ತಂದರು. ಎಳೆಯ ಜೊತೆಗೇ ರಟ್ಟೂ ಕುಗ್ಗುವುದರಿಂದ ಆಕಾರ ಕೆಡುವುದಿಲ್ಲ. 1882ರ ಜನವರಿಯಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಎಡಿಸನ್ ಕಂಪನಿ ಸೇರಿದ್ದು ಆಮೇಲೆ.

ಪ್ರಯೋಗಕ್ಕೆ 0.5 ಮಿ.ಮೀ. ಪೆನ್ಸಿಲ್ ಲೆಡ್ (ಇದೂ ಇಂಗಾಲದ ಕಡ್ಡಿಯೇ), 1.5 ವೋಲ್ಟಿನ 8 ದೊಡ್ಡ ಟಾರ್ಚ್ ಸೆಲ್ಲು, ಎರಡು ಕ್ರೊಕೊಡೈಲ್ ಕ್ಲಿಪ್ಪು, ಒಂದು ಗಾಜಿನ ಜಾಡಿ ಸಾಕು. ಸೆಲ್ಲು ಆಲ್ಕಲೈನೇ ಇರಲಿ. ಸಾದಾ ಸೆಲ್ಲಿನಿಂದ ಅಷ್ಟು ಕರೆಂಟ್ ಬರದೆ ಲೆಡ್ ಬರೀ ಬಿಸಿಯಾಗಿ ನಿಂತುಬಿಡಬಹುದು. ಕ್ಲಿಪ್ಪುಗಳ ನಡುವೆ 3–4 ಸೆಂ.ಮೀ. ಲೆಡ್ ಹಿಡಿಸಿ, ಜಾಡಿ ಕವುಚಿ, ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಸಂಪರ್ಕ ಕೊಡಿ. ಮೊದಲು ಹೊಗೆ ಬರುತ್ತದೆ. ಲೆಡ್ಡಿನಲ್ಲಿರುವ ಎಣ್ಣೆ, ಮೇಣದಂಥ ವಸ್ತು ಉರಿಯುವುದರಿಂದ ಹಾಗೆ. ಬಳಿಕ ಕೆಂಪಗಾಗಿ, ಬೆಳ್ಳಗೆ ಹೊಳೆದು, ಸ್ವಲ್ಪ ಹೊತ್ತಿನಲ್ಲೇ ತುಂಡಾಗುತ್ತದೆ. ಜಾಡಿಯೊಳಗಿನ ಆಮ್ಲಜನಕ ಇಂಗಾಲವನ್ನು ತಿಂದುಹಾಕುತ್ತದೆ. ಬಲ್ಬಿನೊಳಗಿನ ಗಾಳಿ ಏಕೆ ತೆಗೆಯಬೇಕು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ಬೇಕಿಲ್ಲ. ಕ್ಲಿಪ್ ಬಿಗಿಯಾದರೆ ಲೆಡ್ ಮುರಿಯುತ್ತದೆ, ಸಡಿಲವಾದರೆ ಕಿಡಿ ಹಾರುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಯುಪಿಎಸ್ ಅಥವಾ ಬೈಕ್ ಬ್ಯಾಟರಿ ಖಂಡಿತ ಬೇಡ: ಕ್ಲಿಪ್ಪುಗಳು ಒಂದಕ್ಕೊಂದು ತಗುಲಿದರೆ ವೈರೇ ಕರಗೀತು.

ಪ್ರಶ್ನೆ: ಟ್ರಾಫಿಕ್ ಸಿಗ್ನಲ್ ಗ್ಯಾರೆಟ್ ಮಾರ್ಗನ್ ಅವರದೇ?
– ಪಿಯು ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಮೊದಲನೆಯದಲ್ಲ. ಈ ಕಪ್ಪು ಸಂಶೋಧಕರಿದ್ದ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಲ್ಲೇ 1914ರಲ್ಲಿ ವಿದ್ಯುತ್ ಸಿಗ್ನಲ್ ಬಂದಿತ್ತು. 1923ರಲ್ಲಿ ಮಾರ್ಗನ್ ಪೇಟೆಂಟ್ ಪಡೆದದ್ದು ಕೈಯಿಂದ ತಿರುಗಿಸುವ ಕಂಬಕ್ಕೆ. ‘ನಿಲ್ಲಿ’, ‘ಹೋಗಿ’ ಜೊತೆಗೆ ನಾಲ್ಕೂ ದಿಕ್ಕನ್ನು ಒಮ್ಮೆಗೇ ತಡೆಯುವ ಸ್ಥಿತಿಯೂ ಅದರಲ್ಲಿತ್ತು. ಅವರ ಹೊಗೆ ಮುಸುಕು ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡದು. ಬಿಸಿ ಹೊಗೆ ಮೇಲೇರುವುದರಿಂದ ನೆಲದ ಹತ್ತಿರದ ಗಾಳಿಯನ್ನು ಉದ್ದನೆ ಕೊಳವೆಯಲ್ಲಿ ಎಳೆದುಕೊಳ್ಳುವ ಉಪಾಯ ಅದು. 1916ರಲ್ಲಿ ಈರಿ ಸರೋವರದಡಿಯ ಸುರಂಗದಲ್ಲಿ ಸ್ಫೋಟವಾದಾಗ ಮಾರ್ಗನ್ ತಾವೇ ಅದನ್ನು ಹಾಕಿಕೊಂಡು ಒಳಗಿಳಿದರು.

ಪ್ರಶ್ನೆ: ಕೋಲಾರ ಮಂಡಿಯಿಂದ ಟೊಮೆಟೊವನ್ನು ಕೂಲಿಂಗ್ ಲಾರಿಯಲ್ಲಿ ದೂರದೂರಿಗೆ ಕಳಿಸಿದೆವು. 5 ಡಿಗ್ರಿ ಇಟ್ಟರೂ ಹಣ್ಣು ಬಣ್ಣ ತಿರುಗದೆ ಕೊಳೆತಿದೆ. ಏಕೆ? ಈ ಲಾರಿ ಯಾರ ಆವಿಷ್ಕಾರ?
– ಬೆಳೆಗಾರರು, ಮುಳಬಾಗಿಲು

ಉತ್ತರ: 5 ಡಿಗ್ರಿ ಇಟ್ಟಿದ್ದೇ ತಪ್ಪು. ಬಣ್ಣ ತಿರುಗುವ ಹಂತದ ಟೊಮೆಟೊಗೆ 12–13 ಡಿಗ್ರಿ ಬೇಕು. 10ಕ್ಕಿಂತ ಕೆಳಗೆ ದಿನಗಟ್ಟಲೆ ಇದ್ದರೆ ಚಳಿಪೆಟ್ಟು ಬಿದ್ದು ಬಣ್ಣ ಬರುವುದಿಲ್ಲ, ಸಿಪ್ಪೆಯಲ್ಲಿ ಕುಳಿ ಬಿದ್ದು ಅಲ್ಲಿಂದ ಕೊಳೆ ಹತ್ತುತ್ತದೆ.

ಈ ಯಂತ್ರ ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಅವರದು. ತಾವಾಗಿಯೇ ಮೆಕ್ಯಾನಿಕ್ ಕೆಲಸ ಕಲಿತ, ಅಮೆರಿಕದ ಕಪ್ಪು ಸಂಶೋಧಕ. 1930ರ ದಶಕದ ಕೊನೆಯಲ್ಲಿ, ರಸ್ತೆಯ ಕುಲುಕಾಟ ತಡೆಯುವ ಕೂಲಿಂಗ್ ಯೂನಿಟ್ ಕಟ್ಟಿದರು. ಮೊದಲು ಲಾರಿಯ ಹೊಟ್ಟೆಯಡಿ ಕೂರಿಸಿದ್ದಕ್ಕೆ ಕೆಸರು, ಧೂಳು ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಪೆಟ್ಟಿಗೆಯ ಮುಂದಿನ ಗೋಡೆಯ ಮೇಲ್ಭಾಗಕ್ಕೆ ಏರಿಸಿದರು. ಇವತ್ತಿಗೂ ಬಹಳಷ್ಟು ಲಾರಿಗಳಲ್ಲಿ ಅದೇ ಜಾಗ. 60ಕ್ಕೂ ಹೆಚ್ಚು ಪೇಟೆಂಟ್ ಪಡೆದ ಅವರಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂದದ್ದು 1991ರಲ್ಲಿ, ತೀರಿಕೊಂಡ 30 ವರ್ಷಕ್ಕೆ. ಇದು ನೋವಿನ ಸಂಗತಿ.

ಲೋಡಿಂಗ್ ಬಗ್ಗೆಯೂ ಗಮನವಿರಲಿ. ಲಾರಿಯ ಯೂನಿಟ್ಟು ತಂಪನ್ನು ಕಾಯುತ್ತದೆಯೇ ಹೊರತು ಹೊಲದ ಬಿಸಿಯನ್ನು ಬೇಗ ಇಳಿಸಲಾರದು. ಬೆಳಗ್ಗೆ ಬಿಡಿಸಿ, ನೆರಳಲ್ಲಿಟ್ಟು, ಸಾಧ್ಯವಾದರೆ ಶೀತಲ ಕೋಣೆಯಲ್ಲಿ ತಣಿಸಿ ತುಂಬಿ. ಕ್ರೇಟು ಚಾವಣಿಗೆ ತಾಗಿದರೆ ತಣ್ಣನೆ ಗಾಳಿ ಹಿಂಬದಿಗೆ ಮುಟ್ಟುವುದಿಲ್ಲ. ಹಣ್ಣಾದ ಮಾವು ಜೊತೆಗೆ ಬೇಡ, ಅದರ ಎಥಿಲೀನ್ ಅನಿಲದಿಂದ ಟೊಮೆಟೊ ದಾರಿಯಲ್ಲೇ ಮಾಗಿಬಿಡುತ್ತದೆ. ಡೀಸೆಲ್ ಉಳಿಸಲು ಡ್ರೈವರ್ ಯೂನಿಟ್ ಆಫ್ ಮಾಡಿದರೋ ಇಲ್ಲವೋ ತಿಳಿಯಲು ಸಣ್ಣ ಟೆಂಪರೇಚರ್ ಲಾಗರ್ (ಉಷ್ಣತೆಯನ್ನು ಆಗಾಗ ದಾಖಲಿಸುವ ಸಾಧನ) ಒಂದನ್ನು ಬಾಗಿಲ ಪಕ್ಕದ ಕ್ರೇಟಿನಲ್ಲಿಡಿ. ಮೊದಲು ಬಿಸಿಯೇರುವುದು ಅಲ್ಲೇ.